ಮತ್ತಿತರರ ಕಲ್ಲು

ಪ್ರತಿಮೆಗಳ ಮೇಲೆ ನನಗಿರುವ ಪ್ರೀತಿ ಕೊಂಚ ಸೋಮಾರಿತನದ್ದು. ಅವು ಹೇಳಿಕೆ ಕೊಡುವುದಿಲ್ಲ, ಕೊಟ್ಟದ್ದನ್ನು ಮರುದಿನ ಅಲ್ಲಗಳೆಯುವುದೂ ಇಲ್ಲ. ತುಮಕೂರಿನ ಪತ್ರಿಕೆಯೊಂದರಲ್ಲಿ ಜಿಲ್ಲಾ ಪುಟ ನೋಡಿಕೊಂಡಿದ್ದ ವರ್ಷಗಳಲ್ಲಿ ನಾನು ಅನೇಕ ಪ್ರತಿಮೆಗಳಿಗೆ ಮಾಲಾರ್ಪಣೆ ಮಾಡಿಸಿದ್ದೇನೆ. ಹೆಚ್ಚಿನವಕ್ಕೆ ಕುರ್ಚಿಯಲ್ಲಿ ಕೂತೇ. ಆಹ್ವಾನ ಪತ್ರಿಕೆ ಎದುರಿಗಿದ್ದರೆ ವರದಿ ತಾನೇ ಬರೆದುಕೊಳ್ಳುತ್ತಿತ್ತು. ಹೆಸರುಗಳು ಹೆಚ್ಚಾದರೆ ಕೊನೆಯಿಂದ ಕತ್ತರಿಸುವುದು ನಮ್ಮ ಕಸುಬಿನ ವಾಡಿಕೆ. ಐದು ಹೆಸರು ಉಳಿಸಿ, ಮಿಕ್ಕವರನ್ನೆಲ್ಲ ‘ಮತ್ತಿತರರು’ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತಿದ್ದೆ. ಕೈ ಎಷ್ಟು ಪಳಗಿತ್ತೆಂದರೆ, ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿಯಲ್ಲೂ ಐದನೆಯ ಹೆಸರಾದ ಮೇಲೆ ಅದೇ ಪದ ಬರೆದು ಹೆಂಡತಿ ಸರೋಜಳಿಂದ ಬೈಸಿಕೊಂಡಿದ್ದೆ.

ನಿವೃತ್ತನಾದ ಮೇಲೆ ಪಾಪಪರಿಹಾರಕ್ಕೆಂಬಂತೆ ಬೆಳಗಿನ ವಾಕಿಂಗಿನಲ್ಲಿ ಆ ಪ್ರತಿಮೆಗಳನ್ನು ನಿಜವಾಗಿ ನೋಡತೊಡಗಿದೆ. ಮಂಜು ಕರಗದ ಹೊತ್ತಿನಲ್ಲಿ ಅವರೆಲ್ಲ ಈಗಷ್ಟೇ ಎಲ್ಲಿಂದಲೋ ಬಂದು ಅವಸರದಲ್ಲಿ ಪೀಠ ಹತ್ತಿದವರಂತೆ ಕಾಣುತ್ತಾರೆ. ಬೆರಳು ತೋರಿಸುತ್ತಾ ನಿಂತವರು ಯಾರೂ ಇಲ್ಲದಾಗ ಕೈ ಇಳಿಸಿ ಭುಜ ನೀವಿಕೊಳ್ಳುತ್ತಿರಬಹುದು. ಜಯಂತಿ ಮುಗಿದು ವಾರವಾದ ಹಾರದ ಒಣ ವಾಸನೆಯಲ್ಲಿ ನಿಂತರೆ ನನಗೆ ಬಸ್ಸು, ಹಾರನ್, ಮಂಡಿನೋವು ಎಲ್ಲವೂ ದೂರವಾಗುತ್ತವೆ.

ಹೀಗಿರುವಾಗ ಕುಣಿಗಲ್ಲಿನಿಂದ ನಮ್ಮ ಅತ್ತೆ, ಅಂದರೆ ಸರೋಜಳ ತಾಯಿ, ಕ್ಯಾತ್ಸಂದ್ರದ ನಮ್ಮ ಮನೆಗೆ ಬಂದರು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು. ಹೊಸ ಕಣ್ಣಿನಲ್ಲಿ ಅವರಿಗೆ ಗೋಡೆಯ ಸುಣ್ಣವೂ ಸಮಾಚಾರವೇ. ಪಟ್ಟಣದ ಪ್ರತಿಮೆಗಳನ್ನೆಲ್ಲ ತೋರಿಸಿದೆ. ಒಬ್ಬ ಮಹನೀಯರ ಎದುರು ಬಹಳ ಹೊತ್ತು ನಿಂತು, “ಇವ್ರ ಕನ್ನಡಕಕ್ಕೆ ಗಾಜೇ ಇಲ್ವಲ್ಲ ಅಳಿಯಂದ್ರೆ, ಪಾಪ, ಏನ್ ಕಾಣುತ್ತೆ ಇವ್ರಿಗೆ?” ಎಂದರು. ಆಮೇಲೆ ತಾವು ಬಂದ ಕಾರಣ ಹೇಳಿದರು. ಗುಬ್ಬಿಯಲ್ಲಿ ಸ್ವಾತಂತ್ರ್ಯ ಚಳವಳಿಗಾರರ ಸ್ಮಾರಕದ ಕಲ್ಲಿದೆ. ಅದರಲ್ಲಿ ತಮ್ಮ ಅಪ್ಪನ ಹೆಸರಿದೆ. ಕಣ್ಣು ಚೆನ್ನಾಗಿರುವಾಗಲೇ ಒಮ್ಮೆ ಓದಬೇಕು.

ನನಗೆ ಆ ಕಲ್ಲು ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅದರ ಒಕ್ಕಣೆಯನ್ನು ಬರೆದುಕೊಟ್ಟವನು ನಾನೇ. ಅನಾವರಣದ ವರದಿಯನ್ನೂ ಬರೆದಿದ್ದೆ, ಎಂದಿನಂತೆ ಕುರ್ಚಿಯಲ್ಲಿ ಕೂತು. ಆದರೆ ಮನೆಯವರೆಲ್ಲ ‘ಬೆಲ್ಲದ ತಾತ’ ಎಂದೇ ಕರೆಯುತ್ತಿದ್ದ, ನನ್ನ ಮದುವೆಗೆ ಮೊದಲೇ ತೀರಿಕೊಂಡ ಆ ಹಿರಿಯರ ನಿಜವಾದ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಗುಬ್ಬಿಯ ಬಸ್ಸಿನಲ್ಲಿ ಕೇಳಿದೆ. ಹನುಮಂತಯ್ಯ ಎಂದರು. ಸ್ಮಾರಕ ಸಮಿತಿಯವರು ಹೆಸರು ಬರೆದುಕೊಳ್ಳಲು ಅಪ್ಪನ ಊರಾದ ಸಿ.ಎಸ್. ಪುರಕ್ಕೆ ಕಟ್ಟಕಡೆಗೆ ಬಂದರಂತೆ. ಹನ್ನೊಂದು ಜನರಲ್ಲಿ ಅಪ್ಪನದೇ ಕೊನೆಯ ಹೆಸರಂತೆ.

ಕೊನೆಯ ಹೆಸರು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ನಿಜವಾಗಿಯೂ ಜೊಂಪು ಹತ್ತಿತು. ಬಸ್ಸು ದಾರಿಯುದ್ದಕ್ಕೂ ನಿಲ್ಲುತ್ತಿತ್ತು. ಪ್ರತಿ ನಿಲ್ದಾಣದಲ್ಲೂ ಮತ್ತಿತರರು ಹತ್ತುತ್ತಿದ್ದರು. ಬಿಳಿ ಪಂಚೆ, ಕೈಯಲ್ಲಿ ಹಾರ, ಮುಖ ಮಾತ್ರ ಮಸುಕು. ಯಾರೂ ಜಗಳವಾಡಲಿಲ್ಲ. ಸೀಟಿದ್ದರೂ ಕೂರದೆ, ಕಂಬಿ ಹಿಡಿದು ಸೌಮ್ಯವಾಗಿ ನನ್ನನ್ನೇ ನೋಡುತ್ತಿದ್ದರು. ಒಬ್ಬರ ಜೇಬಿನಲ್ಲಿ ಬೆಲ್ಲದ ಅಚ್ಚಿತ್ತು.

“ಗುಬ್ಬಿ ಬಂತು ಕಣ್ರೀ” ಎಂದು ಸರೋಜ ತಿವಿದಳು.

ಪುಟ್ಟ ಉದ್ಯಾನದ ಗೇಟಿನ ಬೀಗದ ಕೈ ಹಿಡಿದು ಸಮಿತಿಯ ಹಳೆಯ ಕಾರ್ಯದರ್ಶಿ ಶಿವಣ್ಣ ಕಾದಿದ್ದರು. ವರದಿಗಾರನಿಲ್ಲದೆ ಹಾರ ಹಾಕಿದರೆ ಅದು ಮಾಲಾರ್ಪಣೆಯೇ ಅಲ್ಲ ಎಂಬ ನಂಬಿಕೆ ಅವರದು. ಹಾಗಾಗಿ ಸ್ಥಳೀಯ ವರದಿಗಾರನೊಬ್ಬನನ್ನೂ ಕರೆಸಿದ್ದರು. ಹೂವಿನ ಅಂಗಡಿಯ ಜಯಮ್ಮ ಹಾರ ತಂದುಕೊಟ್ಟು, ನೋಡಲೆಂದು ಅಲ್ಲೇ ನಿಂತರು.

ಅತ್ತೆ ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಐದು ಹೆಸರು ಓದಿದರು. ‘ಮತ್ತಿತರರು’ ಎಂದಿದ್ದ ಆರನೆಯ ಸಾಲಿನಲ್ಲಿ ಬೆರಳು ನಿಧಾನವಾಯಿತು. ಅದರ ಕೆಳಗೆ ಒಂದು ಮೊಳ ಕಲ್ಲು ನುಣ್ಣಗೆ ಖಾಲಿ. ಬೆರಳು ಆ ಖಾಲಿಯಲ್ಲೂ ಕೊನೆಯತನಕ ಹೋಗಿ ಬಂತು.

“ಜಾಗ ಐತಲ್ಲ. ಅಪ್ಪ ಎಲ್ಲಿ?”

ಶಿವಣ್ಣ ನನ್ನ ಮುಖ ನೋಡಿದರು. ಕಲ್ಲುಕುಟಿಗನ ಮೇಲೆ ಹಾಕಿಬಿಡಬಹುದಿತ್ತು. ಆದರೆ ಇಷ್ಟು ವರ್ಷ ಕಾದು ಬಂದ ಆ ಕಣ್ಣುಗಳ ಎದುರು ಸುಳ್ಳಿಗೆ ನಾಲಿಗೆ ಏಳಲಿಲ್ಲ.

“ಅವ್ರ ಹೆಸ್ರು ತೆಗೆದಿದ್ದು ನಾನೇ ಅತ್ತೆ.”

“ಕಲ್ಲು ಸಾಲ್ದೇ ಬಂತಾ?”

“ಇಲ್ಲ. ಕೂತಲ್ಲೇ ಕತ್ತರಿಸೋ ಅಭ್ಯಾಸ.”

ಸರೋಜ ನನ್ನತ್ತ ನೋಡಿದ ನೋಟವನ್ನು ಇಲ್ಲಿ ದಾಖಲಿಸುವುದಿಲ್ಲ. ಅತ್ತೆ ಶಿವಣ್ಣನವರತ್ತ ತಿರುಗಿ, ಹೆಸರು ಕೆತ್ತಿಸಲಾದೀತೇ ಎಂದು ಕೇಳಿದರು. ಹಳೆಯ ಪಟ್ಟಿ ಇನ್ನೂ ತಮ್ಮ ಟ್ರಂಕಿನಲ್ಲಿದೆ, ಬಿಟ್ಟುಹೋದ ಹನುಮಂತಯ್ಯನವರ ಹೆಸರನ್ನು ಈ ತಿಂಗಳೇ ಸೇರಿಸೋಣ ಎಂದು ಅವರು ಒಪ್ಪಿದರು.

“ನಮ್ಮಪ್ಪ ಒಬ್ನೇ ಹೆಂಗ್ ಹೋಗ್ತಾನೆ? ಜೈಲಿಗೆ ಎಲ್ರೂ ಒಟ್ಗೇ ಹೋಗಿದ್ರು. ಆರ್ ಜನದ್ದೂ ಬರೀಬೇಕು. ನಮ್ಮ ಅಳಿಯಂದ್ರು ನಿಂತ್ಕೊಂಡು ಬರೆಸ್ತಾರೆ. ಈ ಸಲ ಕೂತ್ಕೊಂಡಲ್ಲ.”

ಅತ್ತೆ ಹಾರ ಹಾಕಿದರು. ವರದಿಗಾರ ಫೋಟೊ ತೆಗೆದು, ಹೆಸರು ಬರೆದುಕೊಳ್ಳಲು ಪುಸ್ತಕ ಬಿಚ್ಚಿದ. ಅತ್ತೆಯೇ ಬರೆಸಿದರು: ತಮ್ಮದು, ಸರೋಜಳದು, ಶಿವಣ್ಣನವರದು, ಜಯಮ್ಮನದು. ಹುಡುಗ ಪೆನ್ನು ನನ್ನ ಕಡೆ ತಿರುಗಿಸಿ, “ಸಾರ್‌ದು?” ಎಂದ.

ಅತ್ತೆ ನನ್ನನ್ನು ಹೊಸ ಕಣ್ಣಿನಲ್ಲಿ ಮೇಲಿಂದ ಕೆಳಗೆ ನೋಡಿದರು. “ಮತ್ತಿತರರು ಅಂತ ಹಾಕ್ಕೊಳಪ್ಪ” ಎಂದರು.

ಮರುದಿನದ ಪತ್ರಿಕೆಯನ್ನು ಕನ್ನಡಕವಿಲ್ಲದೆ ಅವರೇ ಗಟ್ಟಿಯಾಗಿ ಓದಿದರು. ಒಂದು ಹೆಸರೂ ಕತ್ತರಿಸಿರಲಿಲ್ಲ. ಈಗಿನ ಡೆಸ್ಕಿನವರು ನಮಗಿಂತ ವಾಸಿ. ಕೊನೆಯ ಪದದ ಮೇಲೆ ನಾನೂ ಬೆರಳಿಟ್ಟು ನೋಡಿದೆ. ಎಷ್ಟೋ ಜನರನ್ನು ತುರುಕಿದ ಚೀಲ, ಇಕ್ಕಟ್ಟಿರಬಹುದೆಂದುಕೊಂಡಿದ್ದೆ. ಇರಲಿಲ್ಲ. ಒಳಗೆ ನಾನೊಬ್ಬನೇ ಇದ್ದೆ.