ಭಾವನ ಸೊಟ್ಟ ಇಗರ್ಜಿ

ನಮ್ಮ ಭಾವನಷ್ಟು ನಿಷ್ಠೆಯಿಂದ ಇಗರ್ಜಿಗೆ ಹೋದವರು ಠಾಣೆ ಜಿಲ್ಲೆಯ ಕ್ರೈಸ್ತರಲ್ಲೂ ಇರಲಾರರು! ಹಣೆಗೆ ಗಂಧ ಹಚ್ಚಿಕೊಂಡು, ಡಬ್ಬಿಯಲ್ಲಿ ಮೊಸರನ್ನ ಕಟ್ಟಿಸಿಕೊಂಡು ಭಾನುವಾರ ಬೆಳಗಾದರೆ ಹೊರಟೇಬಿಡುತ್ತಿದ್ದರು. ಮತಾಂತರದ ಕಥೆಯೆಂದು ಗಾಬರಿಯಾಗಬೇಡಿ. ಆ ಇಗರ್ಜಿಯಲ್ಲಿ ಪಾದ್ರಿಯಿರಲಿಲ್ಲ, ಗಂಟೆಯಿರಲಿಲ್ಲ, ತಲೆಯ ಮೇಲೆ ಮಾಡೂ ಇರಲಿಲ್ಲ. ತಪ್ಪದೆ ಬರುತ್ತಿದ್ದ ಭಕ್ತಾದಿಗಳೆಂದರೆ ಹಳ್ಳಿಯ ನಾಲ್ಕು ಮೇಕೆಗಳು, ನಮ್ಮ ಭಾವ, ಮತ್ತು ಅವರ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದ ನಾನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಡೊಂಬಿವಲಿಯಲ್ಲಿ, ಕೆಲಸ ಅಂಬರನಾಥದ ಒಂದು ಕಾರ್ಖಾನೆಯಲ್ಲಿ. ಯಂತ್ರದ ಭಾಗಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವರಿಗೆ ಮನುಷ್ಯರಿಗಿಂತ ಗೋಡೆಗಳ ಮೇಲೆ ಕಣ್ಣು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ದಾರ ಕಟ್ಟಿ ಇಳಿಬಿಡುವ ಗುಂಡು ಇರುತ್ತದಲ್ಲ, ಅದು ಸದಾ ಅವರ ಜೇಬಿನಲ್ಲಿ! ನನಗೆ ಹೆಣ್ಣು ನೋಡಲು ಪಕ್ಕದ ಊರು ಕಲ್ಯಾಣಕ್ಕೆ ಹೋದಾಗ ಹಿರಿಯರೆಂದು ಇವರನ್ನು ಕರೆದೊಯ್ದಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದರೆ ಇವರು ಕುರ್ಚಿ ಹತ್ತಿ ಬಾಗಿಲಿಗೆ ಗುಂಡು ಇಳಿಬಿಟ್ಟು ನಿಂತಿದ್ದಾರೆ. ಹುಡುಗಿಯ ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ ಅದು. ಹೇಗಿದೆ ನಮ್ಮ ಮನೆ ಎಂದು ಅವರು ಕೇಳಬಾರದಿತ್ತು, ಕೇಳಿದರು. ಭಾವ ಹೇಳಬಾರದಿತ್ತು, ಹೇಳಿದರು. ಆ ಸಂಬಂಧ ಅಲ್ಲಿಗೇ ಮುರಿಯಿತು. ಮನೆಗೆ ಬಂದ ಮೇಲೆ ಹುಡುಗಿ ಹೇಗಿದ್ದಳು ಎಂದು ಅಕ್ಕ ವಿಚಾರಿಸಿದರೆ, ಬಾಗಿಲು ಮುಕ್ಕಾಲು ಇಂಚು ಎಡಕ್ಕೆ ವಾಲಿದೆ ಎಂದರು ಪುಣ್ಯಾತ್ಮ!

ಇಂಥವರು ಒಂದು ದಿನ ತಾವೇ ತಪ್ಪಿದರು. ಒಂದು ನಕ್ಷೆಯಲ್ಲಿ ಎರಡು ತೂತುಗಳ ನಡುವಿನ ಅಂತರ ತಪ್ಪಾಗಿ ಬರೆದುಬಿಟ್ಟರು, ಆ ಸಲ ತಯಾರಾದ ಮಾಲೆಲ್ಲ ಗುಜರಿಗೆ ಹೋಯಿತು. ಕಾರ್ಖಾನೆಯವರು ಬೈದು ಸುಮ್ಮನಾಗುತ್ತಿದ್ದರೋ ಏನೋ. ಇವರು ಅದೇ ಸಂಜೆ ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದರು. ಇನ್ನು ಪೆನ್ಸಿಲ್ ಹಿಡಿದು ಕೆಲಸ ಮಾಡುವ ಯೋಗ್ಯತೆ ತಮಗಿಲ್ಲವಂತೆ. ಎಂಟು ತಿಂಗಳು ಹೀಗೇ ಕಳೆಯಿತು. ಅಕ್ಕ ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿದು ಮನೆ ನಡೆಸಿದಳು. ಭಾವ ಮಾತ್ರ ಘೋಡ್‌ಬಂದರ್ ರಸ್ತೆಯಾಚೆ, ಸಮುದ್ರದ ಹಿನ್ನೀರಿನ ಖಾಡಿಯ ದಂಡೆಯ ಹಳ್ಳಿಯೊಂದರಲ್ಲಿ ಈ ಪಾಳು ಇಗರ್ಜಿಯನ್ನು ಹುಡುಕಿಕೊಂಡರು. ಅವರು ಗೋಡೆ ಹತ್ತಿ ಬಿದ್ದಾರೆಂದು ಅಕ್ಕ ನನ್ನನ್ನು ಕಾವಲಿಗೆ ಹಾಕಿದಳು. ವಾರಕ್ಕೊಂದೇ ರಜೆಯಿರುವವನ ಪಾಡು ಕೇಳುವವರಾರು? ಅವರ ಮಗಳಂತೂ ಯಾರು ಕೇಳಿದರೂ "ಪಪ್ಪಾ ದೀವಾರ್ ದೇಖನೇ ಗಯೇ", ಗೋಡೆ ನೋಡಲು ಹೋಗಿದ್ದಾರೆ, ಎಂದು ಹೇಳಿ ಆಟಕ್ಕೆ ಓಡುತ್ತಿದ್ದಳು.

ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ಠಾಣೆ, ಅಲ್ಲಿಂದ ಬಸ್ಸಿನಲ್ಲಿ ಮಾಜಿವಾಡಾ ದಾಟಿ ಮುಂದೆ, ಆಮೇಲೆ ಗದ್ದೆಯಂಚಿನಲ್ಲಿ ನಡಿಗೆ. ಬಾಗಿಲಲ್ಲಿ ಭಾವ ಚಪ್ಪಲಿ ಬಿಡುತ್ತಿದ್ದರು. ದೇವರು ಮನೆ ಬದಲಾಯಿಸಿ ಎಷ್ಟೋ ಕಾಲವಾಯಿತು, ಒಳಗೆ ಬರೀ ಮುಳ್ಳು ಎಂದರೂ ಕೇಳುತ್ತಿರಲಿಲ್ಲ. ಹಿರಿಯರು ಬಿಟ್ಟ ಮೇಲೆ ನಾನು ಹಾಕಿಕೊಳ್ಳುವುದು ಹೇಗೆ? ಅವರು ಇಂಚು ಎಣಿಸುತ್ತಿದ್ದರು, ನಾನು ಅಂಗಾಲಿನ ಮುಳ್ಳು ಎಣಿಸುತ್ತಿದ್ದೆ.

ಆ ಕಟ್ಟಡದ ಜಾತಕವೆಲ್ಲ ಅವರಿಗೆ ಬಾಯಿಪಾಠ. ಪೋರ್ಚುಗೀಸರ ಕಾಲದಲ್ಲಿ ನಾಲ್ಕಾರು ಬೆಸ್ತರ ಮನೆಗಳಿಗೆಂದು ಮೊದಲು ಕಟ್ಟಿದ್ದು ಪೂಜೆಯ ಪುಟ್ಟ ಕೋಣೆ ಮಾತ್ರ. ಊರು ಬೆಳೆದ ಮೇಲೆ ಅದರ ಮುಂದೆ ಜನ ಕೂರುವ ಹಜಾರ. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಗಂಟೆಯ ಗೋಪುರ. ಕೊನೆಗೆ ಜನ ರಸ್ತೆ ಕಡೆಗೆ ಸರಿದು ಅಲ್ಲೇ ಹೊಸ ಇಗರ್ಜಿ ಕಟ್ಟಿಕೊಂಡಾಗ ಗಂಟೆ, ಮಾಡಿನ ಮರ ಎಲ್ಲ ಅವರ ಹಿಂದೆಯೇ ಹೋಯಿತು. ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಕಲ್ಲಿನ ಬಣ್ಣ, ಗಾರೆಯ ದಪ್ಪ, ಗೋಡೆಗೆ ಗೋಡೆ ಕೂಡಿದ ಗೆರೆ ನೋಡಿ ಹೇಳುತ್ತಿದ್ದರು. ಸಿಟ್ಟಿನ ನಡುವೆಯೂ ನಾನು ಬಾಯಿ ಬಿಟ್ಟುಕೊಂಡು ಕೇಳಿದ್ದುಂಟು.

ಅಷ್ಟರಲ್ಲಿ ನಾನು ಅವರಿವರ ಕಾಲು ಹಿಡಿದು ಮಹಾಪೆಯ ಒಂದು ಕಂಪನಿಯಲ್ಲಿ ಅವರಿಗೆ ಇಂಟರ್‌ವ್ಯೂ ಗೊತ್ತು ಮಾಡಿದೆ. ಸೋಮವಾರ ಬೆಳಿಗ್ಗೆ. ಅಕ್ಕ ಹೊಸ ಶರ್ಟು ಹೊಲಿದಿಟ್ಟಳು. ಭಾವ ಭಾನುವಾರ ಎಂದಿನಂತೆ ಟೇಪು ಹಿಡಿದು ಹೊರಟರು. ತಾವೇ ಬರೆಯುತ್ತಿದ್ದ ಇಡೀ ಕಟ್ಟಡದ ನಕ್ಷೆಯಲ್ಲಿ ಹಜಾರಕ್ಕೂ ಪೂಜೆಯ ಕೋಣೆಗೂ ತಾಳೆಯಾಗುತ್ತಿಲ್ಲವಂತೆ, ಒಂದು ಗೇಣು ಓರೆ ಬರುತ್ತಿದೆಯಂತೆ. ಅದು ಬಗೆಹರಿಯದೆ ಮಹಾಪೆಯ ಮಾತೇ ಎತ್ತಬೇಡ ಎಂದರು.

ಅಂದು ಆರು ಸಲ ಅಳೆದೆವು. ಆರು ಸಲವೂ ಅದೇ ಗೇಣು. ನಾನು ಟೇಪು ಸಡಿಲ ಬಿಟ್ಟೆನೆಂದು ನನ್ನ ಮೇಲೇ ಗುಮಾನಿ! ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು, ಮೇಕೆಯೊಂದು ನಮ್ಮ ಮೊಸರನ್ನ ಮುಗಿಸಿತ್ತು. ನನ್ನ ತಾಳ್ಮೆ ಕೆಟ್ಟಿತು. ಟೇಪು ನೆಲಕ್ಕೆ ಕುಕ್ಕಿದೆ.

"ನಿಮ್ಮ ಗೌಂಡಿ ತಪ್ಪು ಕಟ್ಟಿದ್ದಾನೆ ಭಾವ, ಅಷ್ಟೇ. ತಪ್ಪಿದ್ದು ಅವನು. ನೀವೂ ಅಲ್ಲ, ನಾನೂ ಅಲ್ಲ."

ಭಾವ ಎದ್ದು ಹಜಾರವೂ ಕೋಣೆಯೂ ಕೂಡುವ ಕಮಾನಿನ ಕೆಳಗೆ ಹೋಗಿ ನಿಂತರು. ಕಲ್ಲುಗಳ ಮೇಲೆ ಒಂದೊಂದಾಗಿ ಕೈಯಾಡಿಸಿದರು. ನನ್ನನ್ನು ಹತ್ತಿರ ಕರೆದರು.

"ಪೂಜೆ ನಿಲ್ಲಬಾರದು ಅಂತ ಹಳೇ ಕೋಣೆ ಹಾಗೇ ಇಟ್ಟು, ಆಚೆ ಬಾಗಿಲಿಂದ ಹಜಾರದ ಗೋಡೆ ಕಟ್ಟುತ್ತಾ ತಂದದ್ದು ಅವ. ಇಲ್ಲಿ ಬಂದು ಮುಟ್ಟುವಾಗ ಗೊತ್ತಾದದ್ದು, ಓರೆ ಆಗಿದೆ ಅಂತ. ಈ ಕಲ್ಲು ನೋಡು ಮಾರಾಯ. ಒಂದು ಬದಿ ದಪ್ಪ, ಒಂದು ಬದಿ ತೆಳು. ಇದೂ ಹಾಗೇ. ಇದೂ. ಒಂದರ ಹಾಗೆ ಇನ್ನೊಂದಿಲ್ಲ. ಅಷ್ಟಷ್ಟೇ ತಿರುಗಿಸಿ ತಿರುಗಿಸಿ ಕೂಡಿಸಿದ್ದಾನೆ."

ಕೊನೆಯ ಕಲ್ಲಿನ ಮೇಲೆ ಅಂಗೈ ಊರಿದರು.

"ತಪ್ಪಿದ್ದು ಗೊತ್ತಾದ ಮೇಲೆ ಉಳಿ ಕೆಳಗಿಟ್ಟು ಮನೆಗೆ ಹೋಗಲಿಲ್ಲ ಅವ."

ನನಗೆ ನಾಚಿಕೆಯಾಯಿತು. ಎಂಟು ತಿಂಗಳಿನಿಂದ ಈ ಮನುಷ್ಯ ಗೋಡೆ ಅಳೆಯುತ್ತಿದ್ದಾರೆಂದು ಊರಿಗೆಲ್ಲ ಹೇಳಿಕೊಂಡು ನಕ್ಕವನು ನಾನು. ತಮ್ಮ ಹಾಗೆ ತಪ್ಪಿದ ಇನ್ನೊಬ್ಬ ಕೆಲಸಗಾರ ಆಮೇಲೆ ಏನು ಮಾಡಿದ ಎಂಬುದು ಅವರಿಗೆ ಬೇಕಾಗಿತ್ತು. ಹೆಸರಿಲ್ಲದ ಆ ಗೌಂಡಿಗೆ, ಯಾವ ದೇವರಿಗೂ ಮುಗಿಯದಷ್ಟು ಭಕ್ತಿಯಿಂದ ಮನಸ್ಸಿನಲ್ಲೇ ಕೈಮುಗಿದೆ.

ಭಾವ ಟೇಪು ಎತ್ತಿಕೊಂಡು ನಿಧಾನವಾಗಿ ಸುತ್ತಿದರು. ಚೀಲಕ್ಕೆ ಹಾಕಿದರು. ನನ್ನ ಮುಖ ನೋಡದೆ, ಮಹಾಪೆಗೆ ನಾಳೆ ಎಷ್ಟು ಗಂಟೆಗೆ ಹೊರಡಬೇಕು ಎಂದು ಕೇಳಿದರು. ಏಳಕ್ಕೆ ಎಂದು ಹೇಳಿ, ಬಾಗಿಲಲ್ಲಿ ಬಿಟ್ಟಿದ್ದ ಅವರ ಚಪ್ಪಲಿ ತಂದು ಮುಂದಿಟ್ಟೆ.