ನವಿಲುತೀರ್ಥದ ಮಷೀನಿಗೆ ಬುದ್ಧಿ ತುಂಬಿದ್ದು

ಬುದ್ಧಿಯಿಲ್ಲದ ಮಷೀನಿನ ಜೊತೆ ಕೆಲಸ ಮಾಡುವವನಿಗೆ ತೊಂದರೆ ಬರುವುದು ಮಷೀನಿನಿಂದಲ್ಲ, ಸುತ್ತಲಿನ ಬುದ್ಧಿವಂತರಿಂದ. ಇದು ಇವತ್ತಿಗೂ ನಿಂತಿಲ್ಲ. ಮೊನ್ನೆ ಪಕ್ಕದ ಮನೆಯವರು ತಮ್ಮ ಹೊಸ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು, "ಕಾಕಾ, ಇದು ಹೊಸಾ ಸಿಸ್ಟಮ್ ಹಾಕ್ಕೋತೇನಿ ಅಂತ ಕೇಳಾಕ ಹತ್ತೇತಿ. ಅಮಾಸಿ ಮುಗೀಲಿ ಅಂತ ತಡದೇನಿ, ನಡೀತೈತಲ್ಲ?" ಅಂದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಚಹಾ ಬಂತು. ಚಹಾ ಬಂದ ಮೇಲೆ ನಾನು ಹಳೆಯ ಕತೆ ತೆಗೆಯುತ್ತೇನೆ. ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ನೀವು ಹೋಗಬೇಡಿ.

ಗಂಬೂಟು

ಎಪ್ಪತ್ತರ ದಶಕದ ಕೊನೆಯ ಮಾತು. ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ಕಾಲುವೆ ನೀರಿನ ಲೆಕ್ಕ ಮಾಡುವ ಒಂದು ಸಣ್ಣ ಕಚೇರಿ ಇತ್ತು. ಸವದತ್ತಿ ಕಡೆಗೆ ಎಷ್ಟು ನೀರು, ರಾಮದುರ್ಗದ ಕಡೆಗೆ ಎಷ್ಟು ಎಂದು ಲೆಕ್ಕ ಹಾಕಲು ಮೇಲಿನವರಿಗೆ ಏನು ಹುಕಿ ಬಂತೋ, ಒಂದು ಕಂಪ್ಯೂಟರನ್ನೇ ಕಳಿಸಿಬಿಟ್ಟರು. ಎರಡು ಕಬ್ಬಿಣದ ಕಪಾಟು ಜೋಡಿಸಿದಷ್ಟು ದೊಡ್ಡದು. ಬಿ.ಎಸ್‌ಸಿ. ಮುಗಿಸಿ ಬೈಲಹೊಂಗಲದ ಮನೆಯಲ್ಲಿ ಕೂತಿದ್ದ ನನ್ನನ್ನು ಹಂಗಾಮಿಯಾಗಿ ತೆಗೆದುಕೊಂಡು, ಹೈದರಾಬಾದಿಗೆ ತರಬೇತಿಗೆ ಕಳಿಸಿ, ತಂದು ಅದರ ಮುಂದೆ ನಿಲ್ಲಿಸಿದರು.

ನಮ್ಮ ಹೆಡ್‌ಕ್ಲಾರ್ಕರು ಕನ್ನಡಕವನ್ನು ಹಣೆಗೆ ಏರಿಸಿ ಕೇಳಿದರು: "ತಮ್ಮಾ, ನಿಮ್ಮ ಕೆಲಸ ಖರೇ ಏನು?"

ನಾನು ಹುರುಪಿನಿಂದ ವಿವರಿಸಿದೆ. ಈ ಮಷೀನು ಚಾಲೂ ಮಾಡಿದಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಮುಂದಿನ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಮೊದಲಿನ ನಾಲ್ಕು ಮಾತನ್ನು ನಾನೇ ಕಲಿಸಬೇಕು. ಅಷ್ಟು ಕಲಿತರೆ ಅದು ಕಾಗದದ ಪಟ್ಟಿ ಓದುತ್ತದೆ. ತೂತು ಹೊಡೆದ ಆ ಉದ್ದನೆಯ ಪಟ್ಟಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಅದು ಒಳಗೆ ಹೋಗಿ ಕೂತರೆ ಮಷೀನಿಗೆ ಯಜಮಾನ ಸಿಕ್ಕಂತೆ; ಟೈಪ್ ಮಾಡುವುದು, ಲೆಕ್ಕ ಮಾಡುವುದು, ಎಲ್ಲಕ್ಕೂ ಅದರದೇ ಅಪ್ಪಣೆ.

"ಅಂದ್ರ ನೀವು ಮಷೀನ್ ಚಾಲೂ ಮಾಡವರು."

"ಅಷ್ಟ ಅಲ್ರಿ..."

"ಇಲ್ಲಿ ಮಷೀನ್ ಚಾಲೂ ಮಾಡವರಿಗೆ ಪಂಪ್ ಆಪರೇಟರ್ ಅಂತೇವಿ. ಬ್ಯಾರೆ ಹುದ್ದೆ ನಮ್ಮಲ್ಲಿಲ್ಲ."

ಹೀಗೆ ನಾನು, ಆಪರೇಟಿಂಗ್ ಸಿಸ್ಟಮ್ ಕಲಿತ ಪದವೀಧರ, ಪಂಪ್ ಆಪರೇಟರ್ ಆದೆ. ಸಂಜೆಯೊಳಗೆ ಖಾಕಿ ಅಂಗಿ, ಒಂದು ಟಾರ್ಚು, ಮೊಣಕಾಲುದ್ದದ ರಬ್ಬರ್ ಗಂಬೂಟು ಬಂದವು. ಏರ್‌ಕಂಡೀಷನ್ ಹಾಕಿದ, ಚಪ್ಪಲಿ ಬಿಟ್ಟು ಒಳಗೆ ಬರಬೇಕಾದ ಕೋಣೆಯಲ್ಲಿ ಗಂಬೂಟು! ಇದನ್ನು ವಾಪಸ್ ತಗೊಳ್ಳಿರಿ ಎಂದು ಜಗಳಕ್ಕೆ ನಿಂತೆ.

ಹೆಡ್‌ಕ್ಲಾರ್ಕರು ನನ್ನ ಅಜ್ಞಾನಕ್ಕೆ ಮರುಗಿ ಹೇಳಿದರು: "ಇಟ್ಕೋರಿ ತಮ್ಮಾ. ನಾಳೆ ಮಷೀನ್ ಸೋರಾಕ ಹತ್ತಿದ್ರ ಯಾರು ಇಳೀಬೇಕು?"

ಕಿತ್ತೂರಿನ ಮಾವನವರು

ಪಂಪ್ ಆಪರೇಟರ್ ಎಂಬ ಆ ಹೆಸರು ಕಚೇರಿಯ ಗೋಡೆಯೊಳಗೇ ಉಳಿದಿದ್ದರೆ ನಾನು ಸಹಿಸುತ್ತಿದ್ದೆ. ಕಿತ್ತೂರಿನಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗಿ ನನಗೆ ಮನಸ್ಸಿಗೆ ಬಂದಿದ್ದಳು. ನಾನೂ ಆಕೆಯ ಮನಸ್ಸಿಗೆ ಬಂದಿದ್ದೆ ಎಂದು ಆಕೆಯ ಅಣ್ಣನೇ ಹೇಳಿದ್ದ. ಹುಡುಗಿಯ ತಂದೆ ಮಾತ್ರ, "ಹುಡುಗಂದು ಕಾಯಂ ನೌಕರಿ ಆಗಲಿ, ಏನ್ ಮಾಡ್ತಾನ ಅನ್ನೂದು ಕಣ್ಣಲೆ ನೋಡೂಣು" ಎಂದು ಪಟ್ಟು ಹಿಡಿದಿದ್ದರು.

ನಮ್ಮ ಸಾಹೇಬರು ನನಗೆ ಮೊದಲೇ ಹೇಳಿಬಿಟ್ಟಿದ್ದರು: "ಗಣಪತಿ ಹಬ್ಬದಾಗ ಬೆಂಗಳೂರಿಂದ ದೊಡ್ಡ ಸಾಹೇಬ್ರು ಬರತಾರ. ಮಷೀನ್ ನಡದಿದ್ರ ನೀವು ಕಾಯಂ. ನಿಂತಿದ್ರ ಮಷೀನ್ ಲಾರಿಗೆ, ನೀವು ಬೈಲಹೊಂಗಲದ ಬಸ್ಸಿಗೆ." ಅಂದರೆ ನನ್ನ ಮದುವೆಯೂ ಆ ಕಾಗದದ ಪಟ್ಟಿಗೇ ಜೋತುಬಿದ್ದಿತ್ತು.

ಒಂದು ದಿನ ಮುಂಜಾನೆ ಆಗಬೇಕಿದ್ದ ಮಾವನವರು ಹೇಳದೆ ಕೇಳದೆ ಬಂದಿಳಿದರು. ಬಿಳಿ ಧೋತ್ರ, ಬಿಳಿ ಟೋಪಿಗಿ, ದೊಡ್ಡ ಮೀಸೆ. ರಾತ್ರಿಯ ಗುಡುಗು ಮಿಂಚಿಗೆ ಕರೆಂಟು ಜಿಗಿದಾಡಿ ಮಷೀನು ಎಲ್ಲವನ್ನೂ ಮರೆತಿತ್ತು. ನಾನು ಮೊದಲಿನಿಂದ ಕಲಿಸುತ್ತಿದ್ದೆ. ಸಾಲಾಗಿದ್ದ ಸ್ವಿಚ್ಚುಗಳನ್ನು ಮೇಲೆ, ಕೆಳಗೆ, ಮೇಲೆ, ಕೆಳಗೆ; ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಅವರು ಕುರ್ಚಿಯ ತುದಿಯಲ್ಲಿ ಕೂತು ರೆಪ್ಪೆ ಬಡಿಯದೆ ನೋಡಿದರು. ನಾನು ಬೆವರಿದೆ. ಆ ತಣ್ಣನೆಯ ಕೋಣೆಯಲ್ಲಿ ಬೆವರಿದವನು ನಾನೊಬ್ಬನೇ ಇರಬೇಕು. ಒಂದೂ ತಪ್ಪಿಲ್ಲದೆ ಮುಗಿಸಿ, ನೆಟ್ಟಗಾಗಿ, ಹೊಗಳಿಕೆಗೆ ಕಾದು ನಿಂತೆ.

ಮಾವನವರು ಮೇಲೆ ನೋಡಿದರು, ಗೋಡೆ ನೋಡಿದರು, ಮೀಸೆ ತಿರುವಿದರು.

"ಅಲ್ರಿ, ಇಷ್ಟೊತ್ತು ಬಟನ್ ಒತ್ತಿದ್ರಲ್ಲ... ಒಂದಾರ ಫ್ಯಾನ್ ತಿರುಗಿತೇನ್ರಿ?"

ಮಂಜೂರಾದ ತಾರೀಖು

ಇದನ್ನು ಹೇಳುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಸಿಸ್ಟಮ್ ಹಾಕಿದ ಮೇಲೆ ಅದನ್ನು ನಮ್ಮ ಕಚೇರಿಗೆ ತಕ್ಕಂತೆ ಹೊಂದಿಸಬೇಕು. ಅದಕ್ಕಾಗಿ ಮಷೀನೇ ಟಕಟಕ ಎಂದು ಪ್ರಶ್ನೆ ಟೈಪ್ ಮಾಡುತ್ತದೆ. ನಾವು ಉತ್ತರ ಟೈಪ್ ಮಾಡಬೇಕು. ಮೊದಲನೆಯ ಪ್ರಶ್ನೆಯೇ ಇವತ್ತಿನ ತಾರೀಖು ಏನು ಎಂದು. ನಾನು ಉತ್ತರ ಒತ್ತಬೇಕೆನ್ನುವಷ್ಟರಲ್ಲಿ ಹೆಡ್‌ಕ್ಲಾರ್ಕರ ಕೈ ನನ್ನ ಕೈಮೇಲೆ ಬಿತ್ತು.

"ತಡೀರಿ! ಇದು ಯಾರು ಕೇಳಾಕ ಹತ್ಯಾರ?"

"ಮಷೀನ್ ರೀ."

ಅವರು ಬಗ್ಗಿ ಓದಿದರು. "ಇಂಗ್ಲಿಷ್‌ನ್ಯಾಗ ಕೇಳೇತಿ. ಅಂದಮ್ಯಾಲೆ ಮ್ಯಾಲಿಂದ ಬಂದಿದ್ದು. ಕಚೇರಿಗೆ ಬಂದ ಪ್ರಶ್ನಾಕ್ಕ ಸಾಹೇಬ್ರ ಮಂಜೂರಿ ಇಲ್ದ ಉತ್ತರ ಕೊಡಂಗಿಲ್ಲ. ಇದು ಕಾಯದೆ."

ನಾನು ಕೂಗಾಡಿದೆ. ತಾರೀಖು ಗೋಡೆಯ ಕ್ಯಾಲೆಂಡರಿನಲ್ಲೇ ಇದೆಯಲ್ಲರೀ ಎಂದೆ. ಕ್ಯಾಲೆಂಡರಿಗೆ ಸಹಿ ಎಲ್ಲಿದೆ ಎಂದರು. ಕೊನೆಗೆ ಒಂದು ಫೈಲು ತಯಾರಾಯಿತು. ಇವತ್ತಿನ ತಾರೀಖು ಇಂಥದ್ದೆಂದು ಮಷೀನಿಗೆ ತಿಳಿಸಬಹುದೇ ಎಂದು ಸಾಹೇಬರ ಮೇಜಿಗೆ ಹೋಯಿತು. ಸಾಹೇಬರು ಸಾಲಹಳ್ಳಿಯ ಕಡೆ ಒಡೆದ ಕಾಲುವೆ ನೋಡಲು ಹೋಗಿದ್ದರು. ಮಷೀನು ಪ್ರಶ್ನೆ ಕೇಳಿ ಬಾಯಿ ತೆರೆದುಕೊಂಡು ಕೂತಿತು. ನಾನೂ ಅದರ ಎದುರು ಬಾಯಿ ತೆರೆದುಕೊಂಡು ಕೂತೆ.

ಸಾಹೇಬರು ಬಂದು ಸಹಿ ಮಾಡುವಷ್ಟರಲ್ಲಿ ವಾರ ಕಳೆದಿತ್ತು. ಹೆಡ್‌ಕ್ಲಾರ್ಕರು ಗೆದ್ದವರಂತೆ ಫೈಲು ತಂದರು. "ಆತು ನೋಡ್ರಿ. ಇನ್ನ ಒತ್ರಿ."

"ಇದು ಹ್ವಾದ ವಾರದ ತಾರೀಖರಿ! ಇವತ್ತಿಂದು ಬ್ಯಾರೆ ಆಗೇತಿ!"

ಅವರು ಫೈಲು ಮುಚ್ಚಿ ನನ್ನ ಭುಜ ತಟ್ಟಿದರು. "ಮಂಜೂರಾಗಿದ್ದು ಇದು. ಇವತ್ತಿಂದು ಬೇಕಂದ್ರ ಮತ್ತೊಂದು ಫೈಲ್ ಹಾಕ್ರಿ."

ಅಳತೆ

ಆಪರೇಟಿಂಗ್ ಸಿಸ್ಟಮಿನ ಪಟ್ಟಿಯ ಸುರುಳಿಗಳು ನಮ್ಮಲ್ಲಿ ಎರಡಿದ್ದವು: ಒಂದು ಬಳಸಲು, ಒಂದು ಆಪತ್ತಿಗೆ. ಆಪತ್ತಿನ ಸುರುಳಿಗೇ ಆಪತ್ತು ಬಂದಿತು.

ಬೈಲಹೊಂಗಲದಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಒಬ್ಬರು ಅಡತಿ ವ್ಯಾಪಾರಿಗಳು ನಮ್ಮ ಸಾಹೇಬರಿಗೆ ಸ್ನೇಹಿತರು. ಅವರ ಅಂಗಡಿಯಲ್ಲಿ ಕಾಗದದ ಸುರುಳಿ ಹಾಕಿ ಹಿಡಿಕೆ ತಿರುವಿ ಲೆಕ್ಕ ಕೂಡಿಸುವ ಮಷೀನು ಇತ್ತು. ನವಿಲುತೀರ್ಥದಲ್ಲಿ ಒಂದು ಸುರುಳಿ ಇದೆಯಂತೆ, ಅದನ್ನು ಹಾಕಿದರೆ ಎಂಥ ದಡ್ಡ ಮಷೀನಿಗೂ ಬುದ್ಧಿ ಬರುತ್ತದಂತೆ ಎಂದು ಅವರ ಕಿವಿಗೆ ಬಿದ್ದಿತ್ತು. ಹಾಗೆ ಹೇಳಿ ತಿರುಗಾಡಿದವನು ನಾನೇ ಎಂಬುದು ಬೇರೆ ಮಾತು. ಊರಿಗೆ ಹೋದಾಗ ಒಂದಿಷ್ಟು ಮಾತಾಡಬಾರದೇ?

ಸಾಹೇಬರು, "ಎರಡು ಅದಾವಲ್ಲ, ಒಂದು ಕೊಡ್ರಿ ಪಾಪ" ಎಂದರು. ಅದು ಅವರ ಮಷೀನಿಗೆ ನಡೆಯುವುದಿಲ್ಲ ಎಂದು ನಾನು ಹೇಳಿದೆ, ಕೈಮುಗಿದೆ, ಸಿಟ್ಟಿಗೆದ್ದೆ. "ಪಂಪ್ ಆಪರೇಟರ್‌ಗೆ ಇಷ್ಟು ಸಿಟ್ಟು ಛಲೋ ಅಲ್ಲ" ಎಂದರು. ಸುರುಳಿ ಹೋಯಿತು.

ಹದಿನೈದು ದಿನಕ್ಕೆ ಅದು ವಾಪಸ್ ಬಂತು. ಜೊತೆಗೆ ಒಂದು ಬುಟ್ಟಿ ಹಸಿ ಶೇಂಗಾ, ಅದನ್ನು ಹೊತ್ತು ತಂದ ವ್ಯಾಪಾರಿಗಳು. ನಾನು ಸುರುಳಿ ಬಿಚ್ಚಿ ನೋಡಿದೆ. ಉದ್ದಕ್ಕೂ ಒಂದು ಅಂಚು ಇರಲೇ ಇಲ್ಲ. ತೂತಿನ ಸಾಲುಗಳು ಅರ್ಧರ್ಧ ಹೋಗಿದ್ದವು.

"ಇದೇನ್ರಿ ಇದು!" ಎಂದು ಚೀರಿದೆ.

"ನಿಮ್ಮ ಸುರುಳಿ ಅಗಲ ಇತ್ರಿ, ನಮ್ಮದರಾಗ ಕುಂದರಲಿಲ್ಲ. ಕತ್ತರಿಲೆ ಸವರಿಸಿ ಸಮ ಮಾಡಿಸೇನಿ," ಎಂದು ಅವರು ಬಹಳ ಸಮಾಧಾನದಿಂದ ಶೇಂಗಾ ಸುಲಿದು ನನ್ನ ಕೈಗೆ ಕೊಟ್ಟರು. "ಮುಂದಿನ ಸಲ ತರಸೂಮುಂದ ಅಳತಿ ನೋಡಿ ತರಸ್ರಿ ತಮ್ಮಾ."

ಗಣಪ್ಪನ ಪಟ್ಟಿ

ಉಳಿದದ್ದು ಒಂದೇ ಸುರುಳಿ. ಅದನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಕಾಯದೆಯ ಪ್ರಕಾರ ಹೆಡ್‌ಕ್ಲಾರ್ಕರಿಗೆ ಕೊಟ್ಟು, ಚೌತಿಗೆ ಊರಿಗೆ ಹೋದೆ. ಹಬ್ಬ ಮುಗಿಸಿ ಮರುದಿನ ಬಂದರೆ ಕಚೇರಿಯ ಪಡಸಾಲೆಯಲ್ಲಿ, ನನ್ನ ಕೋಣೆಯ ಬಾಗಿಲಿಗೆ ಹತ್ತಿಕೊಂಡೇ, ಗಣಪತಿ ಕೂತಿದ್ದ. ಸೊಗಸಾದ ಮಂಟಪ. ಬಿದಿರಿನ ಕಮಾನಿನ ಮೇಲೆ ಹಳದಿ ಕಾಗದದ ಮಾಲೆ ಮಡಿಕೆ ಮಡಿಕೆಯಾಗಿ ಇಳಿಬಿದ್ದಿತ್ತು. ಹಿಂದೆ ದೀಪ ಇಟ್ಟಿದ್ದರಿಂದ ಕಾಗದದ ಸಣ್ಣ ತೂತುಗಳೆಲ್ಲ ನಕ್ಷತ್ರದ ಹಾಗೆ ಮಿನುಗುತ್ತಿದ್ದವು.

ತೂತುಗಳು!

ಒಳಗೆ ಓಡಿದೆ. ಕಪಾಟು ಖಾಲಿ. ಅಷ್ಟೇ ಅಲ್ಲ, ಹಬ್ಬದ ದಿನ ಕರೆಂಟು ಹೋಗಿ ಬಂದು ಮಾಡಿ ಮಷೀನು ಮತ್ತೆ ಎಲ್ಲ ಮರೆತು ಕೂತಿತ್ತು. ದೊಡ್ಡ ಸಾಹೇಬರು ಮುನವಳ್ಳಿ ದಾಟಿದ್ದಾರೆ ಎಂದು ಫೋನು ಬಂದಿತ್ತು. ಸಾಲದ್ದಕ್ಕೆ ಕಿತ್ತೂರಿನ ಮಾವನವರು, ನನ್ನ ನೌಕರಿ ಏನಾಗುತ್ತದೆಂದು ಕಣ್ಣಾರೆ ನೋಡಲು, ಮುಂದಿನ ಸಾಲಿನಲ್ಲಿ ಪ್ರಸಾದ ಹಿಡಿದು ಕೂತಿದ್ದರು.

ನಾನು ಮಾಲೆಗೆ ಕೈ ಹಾಕಿದೆ. ಹೆಡ್‌ಕ್ಲಾರ್ಕರು ಅಡ್ಡ ಬಂದರು.

"ಮುಟ್ಟಬ್ಯಾಡ್ರಿ! ಗಣಪ್ಪಗ ಏರಿಸಿದ್ದು. ಗಣಪ್ಪನ್ನ ನೀರಿಗೆ ಕಳಸೂ ತನಕ ಮಂಟಪ ಬರಿದು ಮಾಡಂಗಿಲ್ಲ."

"ಅದು ಆಪರೇಟಿಂಗ್ ಸಿಸ್ಟಮ್ ರೀ! ನನ್ನ ನೌಕರಿ ಹೋಗತೈತಿ, ಮದುವಿ ಹೋಗತೈತಿ!"

"ಎಷ್ಟು ಒದರಿದ್ರೂ ಅಷ್ಟ. ಬರಿದು ಮಾಡಂಗಿಲ್ಲ." ಆದರೆ ಅವರೂ ಕೆಟ್ಟವರಲ್ಲ, ನನ್ನ ಮುಖ ನೋಡಿ ಕನ್ನಡಕ ಒರೆಸಿದರು, ಸ್ವಲ್ಪ ಯೋಚಿಸಿದರು. "ಹಿಂಗ ಮಾಡೂಣು. ಬರಿದು ಮಾಡಬಾರದು ಅಂದೇನಿ, ಸರಿಸಬಾರದು ಅಂದಿಲ್ಲ. ಈ ಕಡೆ ಇಳದಷ್ಟು ಆ ಕಡೆ ಏರಿಸ್ರಿ."

ಹಾಗೇ ಆಯಿತು. ಸ್ವಿಚ್ಚುಗಳಿಂದ ಮೊದಲಿನ ನಾಲ್ಕು ಮಾತು ಕಲಿಸಿದೆ. ಮಾಲೆಯ ಒಂದು ತುದಿ ಕಮಾನಿನಿಂದ ಇಳಿದು, ಬಾಗಿಲು ದಾಟಿ ಮಷೀನಿನೊಳಗೆ ಹೊಕ್ಕಿತು. ಓದಿಸಿಕೊಂಡು ಹೊರಬಂದ ತುದಿಯನ್ನು ಹೆಡ್‌ಕ್ಲಾರ್ಕರು ಹಿಡಿದು ಕಮಾನಿನ ಇನ್ನೊಂದು ಬದಿಗೆ ಏರಿಸುತ್ತ ಹೋದರು. ನಾನು ತೂತುಗಳಲ್ಲಿ ಸಿಕ್ಕಿದ್ದ ಕುಂಕುಮ ಊದುತ್ತ ಕೂತೆ. ಯಾರೋ ಸಿಕ್ಕಿಸಿದ್ದ ಒಂದು ಚೆಂಡು ಹೂವು ಸವಾರಿ ಮಾಡಿಕೊಂಡು ಬಂದು ಮಷೀನಿನ ಬಾಯಿಗೆ ತಾಗಿ ಉದುರಿತು. ಹೊರಗಿನಿಂದ ನೋಡಿದವರಿಗೆ ಮಾತ್ರ, ಗಣಪತಿಯ ತಲೆಯ ಮೇಲೆ ನಕ್ಷತ್ರಗಳ ಕಮಾನು ತಾನಾಗಿಯೇ ಸರಿಯುತ್ತಿತ್ತು.

ಅಷ್ಟರಲ್ಲಿ ದೊಡ್ಡ ಸಾಹೇಬರು ಬಂದರು. ಬೂಟು ಕಳಚಿ ಕೈ ಮುಗಿದವರು, ಮುಗಿದ ಕೈ ಇಳಿಸಲು ಮರೆತರು.

"ಅಬ್ಬಬ್ಬಾ! ಇಂಥ ಚಲಿಸೋ ಮಂಟಪ ನಾನು ಬೆಂಗಳೂರಲ್ಲೂ ನೋಡಿಲ್ಲ. ಯಾರ್ರೀ ಇದನ್ನ ನಡೆಸ್ತಿರೋದು?"

ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು.

ಅದೇ ಹೊತ್ತಿಗೆ ಪಟ್ಟಿ ಮುಗಿಯಿತು. ಒಳಗೆ ಟಕಟಕ ಎಂದು ಮಷೀನು ತಾನು ಸಿದ್ಧ ಎಂದು ಟೈಪ್ ಮಾಡಿತು. ಸಿಸ್ಟಮ್ ಒಂದೂ ತಪ್ಪಿಲ್ಲದೆ ಕೂತಿತ್ತು! ನನ್ನ ಕಣ್ಣಲ್ಲಿ ನೀರು ಬಂತು. "ಸಾರ್, ಬರ್ರಿ ಒಳಗ, ಮಷೀನ್ ನಡೀತು ನೋಡ್ರಿ!" ಎಂದು ಕೂಗಿದೆ.

ದೊಡ್ಡ ಸಾಹೇಬರು ಕಮಾನನ್ನೇ ನೋಡುತ್ತಿದ್ದರು. ಮುಖ ಸಪ್ಪಗಾಗಿತ್ತು.

"ನಿಂತೇ ಹೋಯ್ತಲ್ರೀ! ಆರತಿ ಹೊತ್ತಿಗೇ ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ ಸಾರ್, ಈಗ ಸರಿ ಆಗೇತಿ! ಅದು ನಿಂತಿದ್ದಕ್ಕ ಇದು..."

"ನಿಂತಿದ್ದನ್ನ ಸರಿ ಅಂತೀರಲ್ಲ? ಇಂಥವರನ್ನ ಕಾಯಂ ಮಾಡಿ ಅಂತ ಕೇಳ್ತೀರಾ ನೀವು?" ಎಂದು ಅವರು ನಮ್ಮ ಸಾಹೇಬರ ಕಡೆ ತಿರುಗಿದರು. ಮಾವನವರು ಪ್ರಸಾದದ ದೊನ್ನೆ ಕೆಳಗಿಟ್ಟು, ಎದ್ದು, ಟೋಪಿಗಿ ಸರಿಮಾಡಿಕೊಂಡರು. ಬಸ್ಸಿನ ಹೊತ್ತು ಕೇಳುವವರ ಹಾಗೆ.

ನಾನೇನು ಮಾಡಲಿ ಹೇಳಿ? ಹಲ್ಲು ಕಚ್ಚಿ ಒಳಗೆ ಹೋದೆ. ಆಗಷ್ಟೇ ಕಣ್ಣು ಬಿಟ್ಟಿದ್ದ, ಲೆಕ್ಕಕ್ಕೆ ಸಿದ್ಧವಾಗಿ ನಿಂತಿದ್ದ ಆ ನಿರೋಗಿ ಮಷೀನನ್ನು ನನ್ನ ಕೈಯಾರೆ ಬಂದ್ ಮಾಡಿ, ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಕಮಾನು ಸುತ್ತಿ ಈ ಕಡೆ ಬಂದಿದ್ದ ಪಟ್ಟಿಯ ಮೊದಲ ತುದಿಯನ್ನು ಮತ್ತೆ ಸಿಕ್ಕಿಸಿದೆ. ಕಮಾನು ಸರಿಯಿತು. ಹೊರಗೆ ಚಪ್ಪಾಳೆ ಬಿತ್ತು, ಆರತಿ ಶುರುವಾಯಿತು. ಮಾವನವರು ಕೂತು ದೊನ್ನೆ ಎತ್ತಿಕೊಂಡರು. ಪಟ್ಟಿ ಮುಗಿದಾಗಲೆಲ್ಲ ಮಷೀನು ಸಿದ್ಧ ಎನ್ನುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿ ಮೊದಲಿನಿಂದ ಹಾಕುತ್ತಿದ್ದೆ. ದೊಡ್ಡ ಸಾಹೇಬರು ಊಟ ಮುಗಿಸಿ ಜೀಪು ಹತ್ತುವ ತನಕ ಇದೇ ನಡೆಯಿತು.

ಹತ್ತುವ ಮುನ್ನ ಅವರು ಬಾಗಿಲಲ್ಲಿ ಇಣುಕಿ ನನ್ನ ಬೆನ್ನು ತಟ್ಟಿದರು. "ಭೇಷ್! ನಿಮ್ಮನ್ನ ಕಾಯಂ ಮಾಡಿದೀನಿ." ಆಮೇಲೆ ಆ ಎರಡು ಕಪಾಟಿನಷ್ಟು ದೊಡ್ಡ ಕಂಪ್ಯೂಟರನ್ನು ಮೇಲಿನಿಂದ ಕೆಳಗೆ ನೋಡಿ, ನಮ್ಮ ಸಾಹೇಬರಿಗೆ ಹೇಳಿದರು: "ಒಂದು ಮಾಲೆ ಎಳೆಯೋಕೆ ಇಷ್ಟು ದೊಡ್ಡ ಮೋಟಾರು ಯಾಕ್ರೀ? ಮುಂದಿನ ವರ್ಷ ಸಣ್ಣದು ಕಳಿಸ್ತೀನಿ."