ಕೋರ್ಟಿಗೆ ಹೋದ ದವಡೆಹಲ್ಲು

ನಮ್ಮ ಅತ್ತೆಯ ಜೊತೆ ಜಗಳಕ್ಕೆ ನಿಂತು ಗೆದ್ದವರು ಬನಹಟ್ಟಿಯಲ್ಲಿ ಯಾರೂ ಇರಲಿಲ್ಲ. ಲಂಡನ್ನಿನಿಂದ ಬಂದವನೂ ಗೆಲ್ಲಲಿಲ್ಲ! ನಂಬುವುದಿಲ್ಲವೆ? ಸೊಸೆಯೇ ಹೇಳುತ್ತಿದ್ದೇನೆ, ಅದೂ ಹೆಮ್ಮೆಯಿಂದ!

ನಮ್ಮದು ನೇಕಾರರ ಮನೆ. ನೂಲಿನ ಕಂಡಿಕೆ ಸುತ್ತುತ್ತ ಕುಳಿತ ಅತ್ತೆಗೆ ಮಗ್ಗದ ಸದ್ದಿನಲ್ಲೇ ಎಳೆ ಹರಿದದ್ದು ತಿಳಿಯುತ್ತಿತ್ತು. ಪಕ್ಕದ ಮನೆಯ ಮಗ್ಗದಲ್ಲಿ ಹರಿದರೂ ಇಲ್ಲಿಂದಲೇ ಬೈಯುತ್ತಿದ್ದರು.

ರಾಜರ ಸಂಸ್ಥಾನಗಳು ಹೋಗಿ ನಮ್ಮ ಸೀಮೆ ಮುಂಬೈ ರಾಜ್ಯಕ್ಕೆ ಸೇರಿದ ಹೊಸತು. ರಬಕವಿಯಲ್ಲಿ ಒಬ್ಬಾತ 'ಲಂಡನ್ನಿನಲ್ಲಿ ಕಲಿತ ಹಲ್ಲಿನ ಡಾಕ್ಟರ್' ಎಂದು ಬೋರ್ಡು ಹಾಕಿದ. ಅತ್ತೆಗೆ ದವಡೆಹಲ್ಲಿನ ನೋವು. ಹೋದರು. ಆತ ಒಂದು ಕಿತ್ತ; ನೋವು ಹೋಗಲಿಲ್ಲ. ಮತ್ತೆ ಹೋದರು, ಇನ್ನೊಂದು ಕಿತ್ತ. ಆಗಲೂ ನೋವು ಇದ್ದಲ್ಲೇ! ಆಚೀಚೆಯ ಗಟ್ಟಿ ಹಲ್ಲುಗಳು ಹೋಗಿ, ನಡುವಿನ ಹುಳುಕುಹಲ್ಲೊಂದೇ ಜಹಗೀರದಾರನಂತೆ ಉಳಿದಿತ್ತು. ಆತ ಮತ್ತೆ ಇಕ್ಕಳ ಎತ್ತಿದಾಗ ಅತ್ತೆ ಅವನ ಕೈ ಹಿಡಿದರು.

"ಲಂಡನ್ನಿನ್ಯಾಗ ಎಣಸಾಕ ಕಲಸಂಗಿಲ್ಲೇನೋ?"

ಮನೆಗೆ ಬಂದವರೇ ಅವನನ್ನು ಕೋರ್ಟಿಗೆ ಎಳೆಯುತ್ತೇನೆ ಎಂದರು. "ಹೋಗ್ಲಿ ಬಿಡಬೇ, ಹಲ್ಲಿಗೂ ಕೋರ್ಟ್ ಐತೇನು?" ಎಂದರು ನನ್ನ ಗಂಡ.

ಇತ್ತು! ಸರ್ಕಾರದ ಪಟ್ಟಿಯಲ್ಲಿ ಹೆಸರಿಲ್ಲದೆ, ಸುಳ್ಳು ಪದವಿ ಹಚ್ಚಿಕೊಂಡು ಹಲ್ಲಿನ ಡಾಕ್ಟರ್ ಎನ್ನುವವನಿಗೆ ಶಿಕ್ಷೆ ಕೊಡುವ ಹೊಸ ಕಾಯ್ದೆ ಬಂದಿದೆ ಎಂದು ಜಮಖಂಡಿಯ ವಕೀಲರು ತಿಳಿಸಿದರು. ಆದರೆ ಖಟ್ಲೆ ಹೂಡಲು ಮುಂಬೈಯಿಂದ ಅಪ್ಪಣೆ ಬರಬೇಕಂತೆ.

"ಹಲ್ಲು ಇಲ್ಲಿ, ಅಪ್ಪಣಿ ಮುಂಬೈದಾಗ! ಬರ್ಲಿ, ಕಾಯ್ತೇನಿ," ಎಂದರು ಅತ್ತೆ.

ಕಾದರು. ಲವಂಗ ಕಚ್ಚಿಕೊಂಡು, ಗಂಜಿ ಕುಡಿದುಕೊಂಡು, ಊದಿದ ಕೆನ್ನೆ ಹೊತ್ತುಕೊಂಡು ತಿಂಗಳುಗಟ್ಟಲೆ ಕಾದರು. ಬೇರೆ ಕಡೆ ಆ ಹಲ್ಲು ಕೀಳಿಸೋಣ ಎಂದರೆ ಕೆಂಡವಾಗುತ್ತಿದ್ದರು.

"ಇದನ್ನ ಕಿತ್ತರ ಸಾಕ್ಷಿ ಯಾರು ಹೇಳ್ತಾರ? ನೀ ಹೇಳ್ತೀಯೇನು?"

ಸುದ್ದಿ ತಿಳಿದು ಆ ಡಾಕ್ಟರನೇ ನಮ್ಮ ಅಂಗಳಕ್ಕೆ ಬಂದ. "ಅವ್ವಾರ, ಪುಕ್ಕಟೆ ಹಲ್ಲಿನ ಸೆಟ್ ಮಾಡಿಕೊಡ್ತೇನ್ರಿ, ಇಷ್ಟಕ್ಕ ಬಿಟ್ಟಬಿಡ್ರಿ."

"ನನ್ನ ಹಲ್ಲು ಹೋದ್ವು, ಹೋಗ್ಲಿ. ನಾಳೆ ಮತ್ತೊಬ್ಬಾಕಿ ಬರ್ತಾಳಲ್ಲ? ಮೊದಲ ಬೋರ್ಡ್ ಇಳಸು, ಈಗಿಂದೀಗ ಬಿಡ್ತೇನಿ."

ಆತ ಇಳಿಸಲಿಲ್ಲ. ಕೊನೆಗೆ ಮುಂಬೈಯಿಂದ ಅಪ್ಪಣೆ ಬಂತು; ಅತ್ತೆ ಜಮಖಂಡಿಯ ಬಸ್ಸು ಹತ್ತಿದರು.

ಕೋರ್ಟಿನಲ್ಲಿ ಆತನ ವಕೀಲ ನಯವಾಗಿ ಕೇಳಿದ: "ಅಜ್ಜಿ, ವಯಸ್ಸಾದಮ್ಯಾಲ ಹಲ್ಲು ತಾವ ಉದರಿರಬೇಕಲ್ಲ?"

"ಉದರೂದಾದ್ರ ಕೆಟ್ಟಿದ್ದು ಮೊದಲ ಉದರಬೇಕಿತ್ತಲ್ರೀ? ಅದು ಇಲ್ಲೇ ಐತಿ, ನೋಡ್ರಿ ಸಾಹೇಬ್ರ!" ಎಂದವರೇ ಮ್ಯಾಜಿಸ್ಟ್ರೇಟರತ್ತ ತಿರುಗಿ ಬಾಯಿ ಕಳೆದು ನಿಂತರು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಪಾಪ, ನೋಡದೆ ಏನು ಮಾಡಿಯಾರು?

ಆತ ಕಂಡ ಅತಿ ದೂರದ ಊರು ಸೊಲ್ಲಾಪುರ ಎಂಬುದೂ ಅಂದೇ ಹೊರಬಿತ್ತು. ದಂಡ ಬಿತ್ತು. ಇನ್ನೊಮ್ಮೆ ಹೀಗೆ ಮಾಡಿದರೆ ಜೈಲು ಎಂಬ ಎಚ್ಚರಿಕೆಯೂ ಸಿಕ್ಕಿತು. ಬೋರ್ಡು ಇಳಿಯಿತು. ಆವತ್ತು ಪೇಟೆಯಲ್ಲಿ ಅತ್ತೆಯ ಹಿಂದೆ ನಡೆಯುವಾಗ ನಾನೇ ಖಟ್ಲೆ ಗೆದ್ದಷ್ಟು ಎದೆ ಉಬ್ಬಿತ್ತು.

ಮರುವಾರ ಅವರನ್ನು ಮಿರಜಿನ ಡಾಕ್ಟರರಲ್ಲಿಗೆ ಕರೆದೊಯ್ದೆ. ಅತ್ತೆ ಮೊದಲು ಗೋಡೆಯ ಮೇಲಿನ ಸರ್ಟಿಫಿಕೇಟನ್ನು ನನ್ನಿಂದ ಎರಡು ಸಲ ಓದಿಸಿದರು. ಡಾಕ್ಟರರು ನಕ್ಕು ಅದನ್ನು ಗೋಡೆಯಿಂದ ಇಳಿಸಿ ಅವರ ಮಡಿಲಲ್ಲೇ ಇಟ್ಟರು. ಆಮೇಲೆಯೇ ತಪಾಸಣೆ!

ಇಕ್ಕಳ ಹತ್ತಿರ ಬಂದಿತು. ಯಾರೋ ನನ್ನ ಸೆರಗು ಜಗ್ಗಿದಂತಾಯಿತು. ನೋಡಿದರೆ ಅತ್ತೆಯ ಕೈ, ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿತ್ತು.

"ಅತ್ತಿ, ಅಂಜಿಕಿ ಆಗೇತೇನ್ರಿ?"

"ಅಲ್ಲಿ ರಬಕವಿಯಾಗೂ ಆಗಿತ್ತು," ಎಂದರು ಮೆಲ್ಲಗೆ. "ಒಬ್ಬಾಕಿನ ಇದ್ದೆ. ಯಾರ ಮುಂದೂ ಹೇಳಿಲ್ಲ."

ನಾನು ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೆ.

"ಬಿಡಬ್ಯಾಡ ಮಗಳ," ಎಂದು ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.